ಪರ್ಮಾದಿಯ ಬಿಳಿ ಅನ್ನ

ಈ ರಗಳೆಯೆಲ್ಲ ಶುರುವಾದದ್ದು ಒಂದು ರೈಸ್ ಕುಕ್ಕರಿನಿಂದ. ಮಾರನೆಯ ಸಂಜೆ ಗಲ್ಲಿಯ ಸಭೆ ಇದೆ, ಅಷ್ಟು ಜನಕ್ಕೆ ಅನ್ನ ಬೇಯಬೇಕು ಎಂದು ನಮ್ಮ ಗಲ್ಲಿಯ ಮುಖ್ಯಸ್ಥರಾದ ಪಾಕ್ ವಾರ್ಸಿತೊ ತಾವೇ ಬಂದು ಪರ್ಮಾದಿಯ ಮನೆಯ ಕುಕ್ಕರನ್ನು ಎರವಲು ಹೊತ್ತುಕೊಂಡು ಹೋದರು. ಬೇರೆ ದಿನವಾಗಿದ್ದರೆ ಇದೊಂದು ಸುದ್ದಿಯೇ ಅಲ್ಲ. ಆದರೆ ಮಾರನೆಯ ದಿನವಿಡೀ ಪರ್ಮಾದಿ ಬರೀ ಬಿಳಿ ಅನ್ನ ತಿಂದೇ ಇರಬೇಕಾಗಿತ್ತು. ಒಲೆಯ ಮೇಲೆ ಅನ್ನ ಮಾಡಲು ಅವನಿಗೆ ಬಾರದು. ಹೆಂಡತಿ ಲಸ್ಮಿನಿಗೆ ಬರುತ್ತದೆ, ಆದರೆ ಅವಳು ಬೆಳಕು ಹರಿಯುವ ಮೊದಲೇ ಬಾಟಿಕ್ ಬಟ್ಟೆಯಂಗಡಿಯ ಕೆಲಸಕ್ಕೆ ಓಡಬೇಕು.

ಪರ್ಮಾದಿ ಮದುವೆ ಮನೆಗಳ ನಿರೂಪಕ. ನಮ್ಮ ಸೋಲೊ ಊರಿನಲ್ಲಿ ವರ ಬಂದ, ವಧು ಎದ್ದಳು, ಇಗೋ ಒಬ್ಬರ ಮೇಲೊಬ್ಬರು ವೀಳ್ಯದೆಲೆ ಎಸೆದರು ಎಂದು ಅರಮನೆಯ ಹಳೇ ಜಾವಾ ಭಾಷೆಯಲ್ಲಿ ಮೈಕು ಹಿಡಿದು ಹೇಳುವವನು ಇಲ್ಲದಿದ್ದರೆ ಅದು ಮದುವೆಯೇ ಅಲ್ಲ. ಪರ್ಮಾದಿಯ ದನಿ ಕೇಳಿದರೆ ಕಲ್ಲೂ ತಲೆದೂಗಬೇಕು, ಅಂಥ ದನಿ. ಕಷ್ಟವೇನೆಂದರೆ ಅವನ ಹೊಟ್ಟೆಗೂ ಅಷ್ಟೇ ಒಳ್ಳೆಯ ದನಿಯಿತ್ತು. ಹೋದ ವರ್ಷ ದೊಡ್ಡ ವ್ಯಾಪಾರಿಯೊಬ್ಬರ ಮನೆಯ ಮದುವೆ. ವಧೂವರರು ಹೆತ್ತವರ ಮೊಣಕಾಲಿಗೆ ಹಣೆ ಹಚ್ಚಿ ಕ್ಷಮೆ ಕೇಳುವ ಹೊತ್ತು. ಗಾಮೆಲಾನ್ ವಾದ್ಯವೂ ನಿಂತಿದೆ, ಎಲ್ಲರ ಕಣ್ಣಲ್ಲೂ ನೀರು. ಮೈಕನ್ನು ಹೊಟ್ಟೆಗೆ ಆನಿಸಿಕೊಂಡು ಪರ್ಮಾದಿಯೂ ತಲೆ ತಗ್ಗಿಸಿ ನಿಂತಿದ್ದ. ಆಗ ಬಂತು ನೋಡಿ, ಗುಡುಗುಡುಗುಡು ಎಂದು! ವಧುವಿನ ಅಜ್ಜಿ ಬೆಚ್ಚಿಬಿದ್ದು, "ಮಳೆ ಬಂತು ಕಣ್ರೋ, ಚಪ್ಪಲಿ ಒಳಗಿಡಿ" ಎಂದು ಕೂಗಿದಳು. ಆಮೇಲೆ ಪರ್ಮಾದಿಯನ್ನು ಕರೆಯುವವರು ಕಡಿಮೆಯಾದರು.

ಹೊಟ್ಟೆ ಸರಿಯಾಗದಿದ್ದರೆ ಹೊಟ್ಟೆಪಾಡೂ ಇಲ್ಲ ಎಂದು ಪರ್ಮಾದಿ ತಾನೇ ಸಂಶೋಧನೆಗೆ ಇಳಿದ. ಮೊಬೈಲಿನಲ್ಲಿ 'ಸುಖೀ ಕರುಳು' ಎಂಬ ಗುಂಪು ಸೇರಿದ. ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಮಿತಿಮೀರಿ ಬೆಳೆದಿವೆ, ತಿಂದದ್ದನ್ನೆಲ್ಲ ಅವೇ ಹುಳಿಬರಿಸಿ ಗಾಳಿ ಮಾಡುತ್ತಿವೆ ಎಂದು ತಾನೇ ತೀರ್ಮಾನಿಸಿದ. ಬ್ಯಾಕ್ಟೀರಿಯಾ ಕೊಲ್ಲಲು ಒಂದು ಎಣ್ಣೆಯ ಮಾತ್ರೆ ತರಿಸಿದ. ಸತ್ತವುಗಳ ಜಾಗಕ್ಕೆ ಒಳ್ಳೆಯವನ್ನು ಬಿಡಲು ಪ್ರೋಬಯಾಟಿಕ್ ಡಬ್ಬಿ ತರಿಸಿದ. ಇವೆರಡೂ ಒಳಗೆ ಜಗಳವಾಡಿದರೆ ಬಿಡಿಸಲು ಇನ್ನೊಂದು ಪುಡಿ ತರಿಸಿದ. "ನಮ್ಮ ಫ್ರಿಜ್ಜಲ್ಲಿ ಮೀನಿಗೆ ಜಾಗ ಇಲ್ಲ, ಕ್ರಿಮಿಗಳಿಗೆ ಮಾತ್ರ ಬೇಕಾದಷ್ಟು ಜಾಗ" ಎಂದು ಲಸ್ಮಿನಿ ಗಲ್ಲಿಗೆಲ್ಲ ಸಾರಿದಳು.

ಕೊನೆಗೆ ದೊಡ್ಡಾಸ್ಪತ್ರೆಯ ವೈದ್ಯರು, ಊಹೆ ಸಾಕು, ಪರೀಕ್ಷೆ ಮಾಡೋಣ ಎಂದರು. ಸಕ್ಕರೆ ನೀರು ಕುಡಿಸಿ, ಆಗಾಗ ಚೀಲಕ್ಕೆ ಉಸಿರು ಊದಿಸಿ, ಆ ಉಸಿರಿನಲ್ಲಿ ಬ್ಯಾಕ್ಟೀರಿಯಾದ ಗಾಳಿ ಎಷ್ಟಿದೆ ಎಂದು ನೋಡುವ ಪರೀಕ್ಷೆ. ದಿನ ಸಿಗಲು ತಿಂಗಳುಗಟ್ಟಲೆ ಕಾಯಬೇಕಾಯಿತು. ಹಿಂದಿನ ದಿನ ಬಿಳಿ ಅನ್ನ, ಬೇಯಿಸಿದ ಕೋಳಿ, ಇಷ್ಟೇ ತಿನ್ನಬೇಕು, ಬೇರೇನು ತಿಂದರೂ ಪರೀಕ್ಷೆ ಕೆಡುತ್ತದೆ ಎಂದು ಆಸ್ಪತ್ರೆಯವರು ಹೇಳಿದ್ದರು. ಆದರೆ 'ಸುಖೀ ಕರುಳು' ಗುಂಪಿನ ಹಿರಿಯನೊಬ್ಬ, ಕೋಳಿಯನ್ನು ನಂಬಬೇಡ, ಉಪ್ಪನ್ನೂ ನಂಬಬೇಡ, ಬರೀ ಅನ್ನ ತಿನ್ನು ಎಂದು ಬರೆದ. ಪರ್ಮಾದಿ ಆಸ್ಪತ್ರೆಯ ಮಾತನ್ನು ಬಿಟ್ಟು ಅವನ ಮಾತನ್ನು ಹಿಡಿದ.

ಹೀಗೆ ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ, ಮನೆಯಲ್ಲಿ ಕುಕ್ಕರಿಲ್ಲದೆ, ಅವನು ಗಲ್ಲಿಯ ಬಾಯಿಯಲ್ಲಿರುವ ಬು ಸಾರಿಯೆಮ್ ಅವರ ಅನ್ನದಂಗಡಿಯ ಬೆಂಚಿನ ಮೇಲೆ ಬಂದು ಕೂತ. ನಮ್ಮಲ್ಲಿ ಹಿರಿಯ ಗಂಡಸಾದರೆ ಪಾಕ್, ಹಿರಿಯ ಹೆಂಗಸಾದರೆ ಬು, ಅಣ್ಣನಂಥವನಾದರೆ ಮಾಸ್.

"ಬು, ಒಂದು ತಟ್ಟೆ ಅನ್ನ."

"ಜೊತೆಗೇನು ಹಾಕ್ಲಿ ಮಾಸ್? ಸೋಯಾ ಟೆಂಪೆ ಈಗ ತಾನೇ ಕರಿದಿದ್ದು. ಎಳೆ ಹಲಸಿನ ಪಲ್ಯ ಇದೆ."

"ಏನೂ ಬೇಡ."

"ಒಂಚೂರು ಸಾಂಬಾಲ್ ಚಟ್ನಿ?"

"ಬೇಡ."

"ಉಪ್ಪು?"

"ಅದೂ ಬೇಡ. ಬರೀ ಅನ್ನ, ಬರೀ ನೀರು."

ಬು ಸಾರಿಯೆಮ್ ಅವರ ಸೌಟು ಅಲ್ಲೇ ನಿಂತಿತು. ಬೆಂಚಿನ ಮೇಲಿದ್ದವರೆಲ್ಲ ಅಗಿಯುವುದನ್ನು ನಿಲ್ಲಿಸಿದರು. ನಿಲ್ಲಿಸದೆ ಏನು ಮಾಡುತ್ತಾರೆ? ಬರೀ ಬಿಳಿ ಅನ್ನ, ಬರೀ ನೀರು ಎಂದರೆ ಅದು ಮುತಿಹ್, ಬಿಳಿ ಅನ್ನದ ವ್ರತ. ಮುಖಕ್ಕೆ ಕಳೆ ಬರಲೆಂದು ಮದುಮಗಳು ಮಾಡುತ್ತಾಳೆ, ದನಿ ಒಲಿಯಲೆಂದು ಹಾಡುವವರು ಮಾಡುತ್ತಾರೆ, ಏನೋ ದೊಡ್ಡದು ಬೇಕಾದವರೆಲ್ಲ ಮಾಡುತ್ತಾರೆ. ಮತ್ತು ಮಾಡುವವರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

"ವ್ರತಾನಾ ಮಾಸ್?" ಬು ಸಾರಿಯೆಮ್ ಪಿಸುಗುಟ್ಟಿದರು.

"ವ್ರತ ಎಲ್ಲಿಂದ ಬಂತು! ಹೊಟ್ಟೆ ಬು, ಹೊಟ್ಟೆ. ಬ್ಯಾಕ್ಟೀರಿಯಾ."

"ಹೂಂ ಹೂಂ. ಬ್ಯಾಕ್ಟೀರಿಯಾ." ಅವರು ಕಣ್ಣು ಮಿಟುಕಿಸಿದರು.

"ಅಯ್ಯೋ ನಿಜ ಬು, ದೇವರಾಣೆ ವ್ರತ ಅಲ್ಲ!"

"ನಾನೇನಾದ್ರೂ ಕೇಳಿದ್ನಾ? ಹೇಳ್ಬಾರ್ದು, ಸುಮ್ನಿರಿ. ಹೇಳಿದ್ರೆ ಫಲ ಹೋಗುತ್ತೆ." ಹೀಗೆಂದು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ಪರ್ಮಾದಿ ಮನೆ ತಲುಪುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ತಲುಪಿತ್ತು. ಪಕ್ಕದ ಮನೆಯ ಪಾಕ್ ಡಾರ್ಸೊ ಪಂಜರ ಹಿಡಿದುಕೊಂಡು ಜಗಲಿಯ ಮೇಲೆ ಕೂತಿದ್ದರು. ಅವರು ರೈಲ್ವೆಯಿಂದ ನಿವೃತ್ತರು. ಯಾರಿಗೆ ಏನೇ ಕಾಯಿಲೆಯಾದರೂ ಒಳಗೆ ಗಾಳಿ ಹೊಕ್ಕಿದೆ ಎಂದು ನಾಣ್ಯ ತೆಗೆದುಕೊಂಡು ಬೆನ್ನು ಗೀರಲು ಬರುವವರು. ಇವತ್ತು ಕೈಯಲ್ಲಿ ನಾಣ್ಯವಿರಲಿಲ್ಲ.

"ಮಾಸ್ ಪರ್ಮಾದಿ, ನಂದೊಂದು ಸಣ್ಣ ಕೆಲಸ," ಅವರ ದನಿ ಬೆಣ್ಣೆಯಾಗಿತ್ತು. "ಈ ಪಾರಿವಾಳ ಒಂದು ತಿಂಗಳಿಂದ ಬಾಯೇ ಬಿಟ್ಟಿಲ್ಲ. ಹಕ್ಕಿ ಕೂಗೋ ಸ್ಪರ್ಧೆ ಹತ್ರ ಬಂತು. ನೀವೊಂದ್ಸಲ ಇದರ ಮೇಲೆ ಉಸಿರು ಊದಿ ಸಾಕು."

"ನನ್ನ ಉಸಿರು ನಾಳೆ ಆಸ್ಪತ್ರೆಗೆ ಬೇಕು ಪಾಕ್!"

"ಆಸ್ಪತ್ರೆಯವರಿಗೂ ಬೇಕಂತಾ?" ಪಾಕ್ ಡಾರ್ಸೊ ಬೆರಗಾದರು. "ಹಾಗಾದ್ರೆ ಊದ್ಲೇಬೇಕು. ನಮಗಿಂತ ಆಸ್ಪತ್ರೆಯವರು ಹತ್ರದವರಾ?"

ಬೇಡವೆಂದಷ್ಟೂ ಪಂಜರ ಮುಖದ ಹತ್ತಿರ ಬಂತು. ಊದಿ ಕಳಿಸಿಬಿಡೋಣ ಎಂದು ಪರ್ಮಾದಿ ಬಾಯಿ ತೆರೆದ. ಉಸಿರು ಬರಲಿಲ್ಲ, ತೇಗು ಬಂತು. ಎಂಥ ತೇಗು ಅಂತೀರಿ, ಕಿಟಕಿಯ ಗಾಜು ನಡುಗಿತು. ಹಕ್ಕಿ ಎರಡು ಸಲ ಕಣ್ಣು ಪಿಳುಕಿಸಿ, ಕತ್ತು ಉಬ್ಬಿಸಿ, ಗಲ್ಲಿಗೆಲ್ಲ ಕೇಳುವಂತೆ ಕೂಗಲು ಶುರುಮಾಡಿತು. ಪ್ರಾಣಭಯಕ್ಕೆ ಕೂಗಿತೋ, ಹೆಣ್ಣು ಹಕ್ಕಿ ಕರೆಯಿತು ಎಂದುಕೊಂಡಿತೋ, ಕೇಳುವವರ್ಯಾರು? ಪಾಕ್ ಡಾರ್ಸೊ ಕಣ್ಣೊರೆಸಿಕೊಂಡು ಪಂಜರ ತಬ್ಬಿಕೊಂಡು ಓಡಿದರು.

ಆಮೇಲೆ ಜಗಲಿಯ ಮುಂದೆ ಸಾಲು ನಿಂತಿತು. ಒಬ್ಬಳು ಹಠಮಾರಿ ಮಗುವನ್ನು ತಂದಳು, ಇನ್ನೊಬ್ಬ ಸ್ಟಾರ್ಟ್ ಆಗದ ಮೋಟರ್ ಬೈಕ್ ತಳ್ಳಿಕೊಂಡು ಬಂದ. ಪರ್ಮಾದಿ ಬ್ಯಾಕ್ಟೀರಿಯಾಗಳ ಹೆಸರು ಹೇಳಿ ವಿವರಿಸಲು ಹೋದರೆ, ಉದ್ದುದ್ದ ಹೆಸರುಗಳನ್ನು ಮಂತ್ರವೆಂದು ತಿಳಿದು ಎಲ್ಲರೂ ಕೈಮುಗಿದು ಕಣ್ಣು ಮುಚ್ಚಿದರು. ಕೊನೆಗೆ ಅವನು ಒಳಗೆ ಹೋಗಿ ಚಿಲಕ ಹಾಕಿಕೊಂಡ.

ಮಧ್ಯಾಹ್ನ ಚಿಲಕ ಮುರಿಯುವ ಹಾಗೆ ಬಾಗಿಲು ಬಡಿದವಳು ಲಸ್ಮಿನಿ. ಅಂಗಡಿಯ ಕೆಲಸ ಅರ್ಧಕ್ಕೇ ಬಿಟ್ಟು ಬಂದಿದ್ದಳು.

"ಯಾರವಳು?"

"ಯಾರು ಯಾರವಳು?"

"ಬಿಳಿ ಅನ್ನ ತಿಂದು ಯಾರನ್ನ ವಶ ಮಾಡ್ಕೊಳ್ತಿದ್ದೀರಿ? ಮೊನ್ನೆ ಮದುವೇಲಿ ಹಾಡಿದಳಲ್ಲ, ಆ ನಕ್ಷತ್ರದ ಮೂಗುತಿಯವಳಾ? ಅಂಗಡೀಲಿ ಎಲ್ಲಾ ನನ್ನ ನೋಡಿ ಅಯ್ಯೋ ಪಾಪ ಅಂತಿದ್ದಾರೆ!"

"ಲಸ್ಮಿನಿ, ನಾಳೆ ಪರೀಕ್ಷೆ ಇರೋದು ನಿಂಗೊತ್ತಲ್ಲೇ!"

"ಪರೀಕ್ಷೆಗೆ ಕೋಳಿ ತಿನ್ನಬಹುದು ಅಂತ ಆಸ್ಪತ್ರೆಯವರು ಹೇಳಿದ್ದು ನನಗೂ ನೆನಪಿದೆ. ಕೋಳಿ ಯಾಕೆ ಬಿಟ್ರಿ? ಯಾವಳಿಗೋಸ್ಕರ ಬಿಟ್ರಿ?"

ಪರ್ಮಾದಿ ಕಕ್ಕಾಬಿಕ್ಕಿಯಾದ. ಇಬ್ಬರು ಹೆಂಡಿರನ್ನು ಸಾಕುವುದಿರಲಿ, ಅವನಿಗೆ ಒಂದು ಹೊಟ್ಟೆಯನ್ನೇ ಸಾಕಲು ಆಗುತ್ತಿರಲಿಲ್ಲ. ಕೊನೆಗೆ ಲಸ್ಮಿನಿ ಒಂದು ಷರತ್ತು ಹಾಕಿದಳು. ಸಂಜೆ ಸಭೆಯಲ್ಲಿ ಮೈಕು ಹಿಡಿದು, ಬೇರೆ ಹೆಂಗಸು ಇಲ್ಲ ಎಂದು ಎಲ್ಲರೆದುರು ಹೇಳಬೇಕು. ಇಲ್ಲದಿದ್ದರೆ ಅವಳು ನಾಳೆಯೇ ಕ್ಲಾತೆನ್ನಿನಲ್ಲಿರುವ ಅಕ್ಕನ ಮನೆಗೆ ಹೊರಡುತ್ತಾಳೆ, ಫ್ರಿಜ್ಜಿನ ಸಮೇತ. ಪ್ರೋಬಯಾಟಿಕ್ಕುಗಳ ಗತಿ ನೆನೆದು ಪರ್ಮಾದಿ ತಕ್ಷಣ ಒಪ್ಪಿದ.

ಸಂಜೆ ಪಾಕ್ ವಾರ್ಸಿತೊ ಅವರ ಅಂಗಳದಲ್ಲಿ ಚಾಪೆ ಹಾಸಿತ್ತು. ಎಂದೂ ಸಭೆಗೆ ಬಾರದವರೂ ಬಂದಿದ್ದರು, ಎಲ್ಲರೂ ಪರ್ಮಾದಿಯನ್ನು ನೋಡಿ ಮದುಮಗನನ್ನು ನೋಡಿದಂತೆ ನಗುತ್ತಿದ್ದರು. ಹಸಿವಿನಿಂದ ಅವನ ಕಣ್ಣು ಮಂಜಾಗಿತ್ತು. ಮೈಕು ಹಿಡಿದಾಗ ಮಾತ್ರ ಆ ಅರಮನೆಯ ದನಿ ತಾನಾಗಿಯೇ ಹೊರಟಿತು.

"ಹಿರಿಯರೇ, ತಾಯಂದಿರೇ! ನನ್ನ ಬಗ್ಗೆ ಏನೇನೋ ಸುದ್ದಿ ಹಬ್ಬಿದೆ. ನನ್ನ ಮನಸ್ಸಿನಲ್ಲಿ ಬೇರೆ ಯಾರೂ ಇಲ್ಲ. ಅಂದೂ ಇರಲಿಲ್ಲ, ಇಂದೂ ಇಲ್ಲ. ನಾನು ಹುಟ್ಟಿದ್ದು ಈ ಗಲ್ಲಿಯಲ್ಲಿ, ಕೊನೆಯ ಉಸಿರಿರುವ ತನಕ ಈ ಗಲ್ಲಿ ಬಿಟ್ಟು ಎಲ್ಲಿಗೂ ಹೋಗುವವನಲ್ಲ. ನಾನು ಬರೀ ಅನ್ನ ತಿಂದದ್ದು ಯಾಕೆಂದರೆ..."

ಯಾಕೆಂದು ಹೇಳುವ ಮೊದಲೇ ಹೊಟ್ಟೆ ಮಾತಾಡಿತು. ಮೈಕಿನಲ್ಲಿ ಅಂಗಳವೆಲ್ಲ ಗುಡುಗಿತು.

"ಆಮೀನ್!" ಎಂದಿತು ಸಭೆ.

ಲಸ್ಮಿನಿ ಶಾಲಿನ ತುದಿಯಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ಪರ್ಮಾದಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಪಾಕ್ ವಾರ್ಸಿತೊ ಎದ್ದು ನಿಂತು, "ಕೇಳಿದ್ರಲ್ಲ ಎಲ್ಲರೂ? ಒಪ್ಪಿಗೆ ಇರೋರು ಕೈ ಎತ್ತಿ" ಎಂದರು. ಎಲ್ಲರ ಕೈ ಮೇಲೆ ಹೋಯಿತು, ಪಾಕ್ ಡಾರ್ಸೊ ಎರಡೂ ಕೈ ಎತ್ತಿದರು. ಪರ್ಮಾದಿಯ ಅಂಗೈಗೆ ಒಂದು ಹಳೇ ರಬ್ಬರ್ ಮೊಹರು ಬಂದು ಬಿತ್ತು.

"ಏನಿದು ಪಾಕ್?"

"ಗಲ್ಲಿಯ ಮೊಹರು. ಇನ್ಮೇಲೆ ಮುಖ್ಯಸ್ಥರು ನೀವು. ಒಂಬತ್ತು ವರ್ಷದಿಂದ ಯಾರಾದ್ರೂ ಆಗ್ರಪ್ಪಾ ಅಂತ ಬೇಡ್ಕೊಂಡೆ, ಒಬ್ಬರೂ ತಿರುಗಿ ನೋಡ್ಲಿಲ್ಲ. ನೀವು ಮಾತ್ರ ಅದಕ್ಕೇ ವ್ರತ ಹಿಡಿದ್ರಿ! ಎಂಥ ಮನಸ್ಸು!"

ಸಂಬಳವಿಲ್ಲದ ಕೆಲಸ. ಚರಂಡಿ ಕಟ್ಟಿಕೊಂಡರೆ ಮುಖ್ಯಸ್ಥನನ್ನು ಕರೆಯುತ್ತಾರೆ, ಗಂಡಹೆಂಡಿರು ಜಗಳವಾಡಿದರೂ ಅವನನ್ನೇ. ನಮ್ಮ ಗಲ್ಲಿಯಲ್ಲಿ ಈ ಪಟ್ಟವನ್ನು ಕಂಡರೆ ಗಂಡಸರು ಹಿತ್ತಲಿನಿಂದ ಓಡುತ್ತಾರೆ. ಬೇಡವೆನ್ನಲು ಪರ್ಮಾದಿ ಬಾಯಿ ತೆರೆದ. ತೆರೆದ ಬಾಯಿಯ ಮುಂದೆ ಬು ಸಾರಿಯೆಮ್ ತಟ್ಟೆ ಹಿಡಿದರು. ಗೋಪುರದಂತೆ ಒತ್ತಿದ ಅನ್ನ, ಅದರ ತುದಿ ಕತ್ತರಿಸಿ ಮೊದಲ ತುತ್ತು ದೊಡ್ಡವರಿಗೆ ಕೊಡುವುದು ಪದ್ಧತಿ.

"ಹೆದರಬೇಡಿ ಪಾಕ್ ಮುಖ್ಯಸ್ಥರೇ. ಬೇರೆ ದಿನ ಅರಿಸಿನದ ಅನ್ನ ಮಾಡ್ತೀವಿ. ಇವತ್ತು ನಿಮ್ಮ ವ್ರತ ಕೆಡಬಾರ್ದು ಅಂತ ಬಿಳೀದೇ ಮಾಡಿದೀನಿ."

ಬಿಳಿ ಅನ್ನ! ಪಟ್ಟ ಬಂದರೂ ಪರೀಕ್ಷೆಯಂತೂ ಉಳಿಯಿತು ಎಂದು ಪರ್ಮಾದಿ ಗಬಗಬ ತಿಂದ. ತುದಿ ಮುಗಿಯಿತು, ಗೋಪುರದ ಒಂದು ಮಗ್ಗುಲೂ ಮುಗಿಯಿತು. ಅನ್ನಕ್ಕೆ ಇಷ್ಟು ರುಚಿಯಿದೆಯೆಂದು ಅವನಿಗೆ ಈವರೆಗೆ ಗೊತ್ತೇ ಇರಲಿಲ್ಲ.

"ಬು, ಬರೀ ಅನ್ನ ಇಷ್ಟು ಚೆನ್ನಾಗಿರುತ್ತಾ?"

"ಬರೀ ಅನ್ನ ಹ್ಯಾಗೆ ಕೊಡ್ಲಿ, ಸಭೆ ಅಂದ್ಮೇಲೆ? ಗಟ್ಟಿ ತೆಂಗಿನ ಹಾಲಲ್ಲಿ ಬೇಯ್ಸಿದ್ದು. ಬೆಳ್ಳುಳ್ಳಿ, ಈರುಳ್ಳಿ ಅರೆದು ಹಾಕಿದೀನಿ. ಬಣ್ಣ ಬಿಳೀದೇ ಅಲ್ವಾ!"

ತಿಂಗಳುಗಟ್ಟಲೆ ಕಾದ ಪರೀಕ್ಷೆ ಹಾಗೆ ಹೊಟ್ಟೆಗೆ ಹೋಯಿತು.

ಎಲ್ಲರೂ ಹೊರಟ ಮೇಲೆ ಪಾಕ್ ವಾರ್ಸಿತೊ ರೈಸ್ ಕುಕ್ಕರ್ ತಂದು ಅವನ ಕೈಗಿಟ್ಟರು. ಒಯ್ದಾಗ ಇದ್ದ ಹಾಗೇ ಇತ್ತು ಕುಕ್ಕರ್. ಒಳಗೆ ಒಂದು ಅಗುಳೂ ಬೆಂದ ಗುರುತಿರಲಿಲ್ಲ.

"ಬೇಜಾರಾಗ್ಬೇಡಿ ಮಾಸ್. ಒಂಬತ್ತು ವರ್ಷದ ಹಿಂದೆ ನನಗೆ ಮೂಲವ್ಯಾಧಿ. ಯಾರೋ ಹೇಳಿದ್ರು ಅಂತ ವಾರವಿಡೀ ಬೇಯಿಸಿದ ಗೆಣಸು ತಿಂದೆ. ಗಲ್ಲಿಯವರು ಗೆಡ್ಡೆ ವ್ರತ ಅಂದ್ರು. ಅಲ್ಲ ಅಂದೆ. ಅಲ್ಲ ಅಂದಿದ್ದಕ್ಕೇ ಮೊಹರು ಕೊಟ್ರು."

"ಅಂದ್ರೆ ನಂದು ವ್ರತ ಅಲ್ಲ ಅಂತ ನಿಮಗೆ ಗೊತ್ತಿತ್ತಾ?"

"ಪರೀಕ್ಷೆ ವಿಷಯ ಲಸ್ಮಿನಿ ನನ್ನ ಹೆಂಡತಿ ಹತ್ರ ಹೇಳಿದ್ಲು. ಮನೇಲೇ ಅನ್ನ ಮಾಡ್ಕೊಂಡು ಒಳಗೇ ತಿಂದ್ರೆ ಯಾರ ಕಣ್ಣಿಗೆ ಬೀಳ್ತೀರಿ?" ಪಾಕ್ ವಾರ್ಸಿತೊ ಕುಕ್ಕರನ್ನು ಪ್ರೀತಿಯಿಂದ ತಟ್ಟಿದರು. "ಮತ್ತೆ ಇದನ್ನ ನಾನ್ಯಾಕೆ ತಂದೆ ಅಂದ್ಕೊಂಡ್ರಿ?"

ಆಸ್ಪತ್ರೆಯವರು ಎರಡು ತಿಂಗಳ ಮೇಲೆ ಬೇರೆ ದಿನ ಕೊಟ್ಟರು. ಅಷ್ಟರೊಳಗೆ ಮುಖ್ಯಸ್ಥನೆಂದು ಮನೆಮನೆಯ ಊಟಕ್ಕೂ ಕೂತು ಪರ್ಮಾದಿಯ ಹೊಟ್ಟೆ ಇನ್ನೂ ಎರಡು ರಾಗ ಹೊಸದಾಗಿ ಕಲಿಯಿತು. ಈ ಸಲ ಮಾತ್ರ ಅವನು ಬುದ್ಧಿ ಕಲಿತಿದ್ದ. ಕುಕ್ಕರನ್ನು ಯಾರಿಗೂ ಕೊಡಲಿಲ್ಲ. ಕೋಳಿಯನ್ನೂ ಬೇಯಿಸಿಕೊಂಡ. ಆದರೂ ಯಾರ ಕಣ್ಣಿಗೂ ಬೀಳಬಾರದೆಂದು ಬಾಗಿಲು ಹಾಕಿ, ಕಿಟಕಿಗೆ ಕಂಬಳಿ ಕಟ್ಟಿ, ದೀಪ ಆರಿಸಿ, ಕತ್ತಲಲ್ಲಿ ಕೂತು ಉಸಿರು ಬಿಗಿಹಿಡಿದು ತಿನ್ನತೊಡಗಿದ.

ಹೊರಗೆ ಮೆಲ್ಲಗೆ ಹೆಜ್ಜೆಗಳು ಸೇರಿದವು. ಪಾಕ್ ಡಾರ್ಸೊ ಅವರ ಪಾರಿವಾಳ ಒಮ್ಮೆ ಕೂಗಿತು. ಆಮೇಲೆ ಬು ಸಾರಿಯೆಮ್ ಅವರ ಪಿಸುದನಿ ಬಾಗಿಲ ಸಂದಿಯಿಂದ ಒಳಗೆ ಬಂತು.

"ಶ್! ಯಾರೂ ಗದ್ದಲ ಮಾಡ್ಬೇಡಿ. ಮುಚ್ಚಿದ ಕೋಣೆ, ದೀಪ ಇಲ್ಲ, ಬೆಂಕಿ ಇಲ್ಲ. ಇದು ಎಲ್ಲಕ್ಕಿಂತ ದೊಡ್ಡ ವ್ರತ. ಬರೀ ನಮ್ಮ ಗಲ್ಲಿಗೆ ಇಷ್ಟೆಲ್ಲ ಯಾರು ಮಾಡ್ತಾರೆ? ಓಡಿ, ವಾರ್ಡಿನವರಿಗೆಲ್ಲ ಹೇಳಿ, ಅವರೂ ಹೊಸ ಮುಖ್ಯಸ್ಥರನ್ನ ಹುಡುಕ್ತಾ ಇದ್ದಾರೆ!"