ಪ್ಲಾಸ್ಮಾ ಟಿವಿಯೊಳಗಿನ ಮಾವನವರು

ಮನೆಯೊಳಗಿನ ವಸ್ತುಗಳಲ್ಲಿ ಎರಡು ಜಾತಿ ಎಂಬುದು ನನ್ನ ಅನುಭವ. ನಾವು ಎತ್ತಿಡುವಂಥವು ಒಂದು ಜಾತಿ, ನಮ್ಮನ್ನು ಹದ್ದುಬಸ್ತಿನಲ್ಲಿ ಇಡುವಂಥವು ಇನ್ನೊಂದು. ಬೀಸುವ ಕಲ್ಲು, ಅಜ್ಜಿಯ ಕಾಲದ ಸಾಗವಾನಿ ಮಂಚ ಇವೆಲ್ಲ ಎರಡನೆಯ ಜಾತಿಯವು. ಅವುಗಳನ್ನು ಕದಲಿಸುವುದಕ್ಕಿಂತ ಅವುಗಳ ಸುತ್ತ ಹೊಸ ಮನೆ ಕಟ್ಟುವುದು ಸುಲಭ. ಸುರಪುರದ ರಂಗಂಪೇಟೆಯ ನಮ್ಮ ಮನೆಯಲ್ಲಿ ಆ ಹಿರಿತನ ಸಂದಿದ್ದು ಒಂದು ಪ್ಲಾಸ್ಮಾ ಟಿವಿಗೆ. ನಾನು ನಾರಾಯಣಪುರದ ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ಕ್ವಾರ್ಟರ್ಸಿನ ಪಕ್ಕದ ಮನೆಯ ಎಂಜಿನಿಯರ್ ಸಾಹೇಬರಿಗೆ ವರ್ಗವಾಯಿತು. ಹೋಗುವಾಗ ಅವರು ಆ ಟಿವಿಯನ್ನು ನನಗೆ ಕೊಟ್ಟರು. ನನ್ನ ಮೇಲಿನ ಪ್ರೀತಿಯಿಂದ ಎಂದು ಆಗ ತಿಳಿದಿದ್ದೆ. ಎತ್ತಿದ ಮೇಲೆ ನಿಜವಾದ ಕಾರಣ ತಿಳಿಯಿತು.

ಅದರ ಚಿತ್ರದ ಬಗ್ಗೆ ದೂರು ಹೇಳುವಂತಿರಲಿಲ್ಲ. ದೂರೆಲ್ಲ ಅದರ ಕಾವಿನ ಬಗ್ಗೆ. ಸುರಪುರದ ಬೇಸಿಗೆಗೆ ಯಾರೂ ಹೊರಗಿನಿಂದ ಶಾಖ ತಂದು ಕೊಡಬೇಕಾಗಿಲ್ಲ. ಆದರೂ ನಮ್ಮ ಟಿವಿ ಹಚ್ಚಿದ ಅರ್ಧ ತಾಸಿಗೆ ತನ್ನ ಪಾಲನ್ನು ಸೇರಿಸುತ್ತಿತ್ತು. ಮಳೆಗಾಲದಲ್ಲಿ ಮಾತ್ರ ನನ್ನ ಹೆಂಡತಿ ಗಿರಿಜಾ ಅದರ ಬೆನ್ನಿಗೆ ಸಂಡಿಗೆಯ ತಟ್ಟೆ ಇಟ್ಟು ಒಣಗಿಸುತ್ತಿದ್ದಳು. ವಾರ್ತೆ ಮುಗಿಯುವ ಹೊತ್ತಿಗೆ ಒಂದು ಬದಿ ಒಣಗಿರುತ್ತಿತ್ತು, ಧಾರಾವಾಹಿಗೆ ಇನ್ನೊಂದು ಬದಿ.

ಈ ಟಿವಿಯ ದೊಡ್ಡ ಅಭಿಮಾನಿ ನನ್ನ ಮಾವ. ಶಹಾಪುರದಲ್ಲಿ ತೊಗರಿ ವ್ಯಾಪಾರ ಮಾಡುತ್ತಿದ್ದವರು, ಅಂಗಡಿ ಮುಚ್ಚಿದ ಮೇಲೆ ಅತ್ತೆ ನೀಲಮ್ಮನವರೊಂದಿಗೆ ತಮ್ಮ ಒಬ್ಬಳೇ ಮಗಳ ಮನೆಗೆ ಬಂದು ನೆಲೆಸಿದರು. ಯಾವ ವಸ್ತುವನ್ನಾದರೂ ಕೈಯಲ್ಲಿ ತೂಗಿ ನೋಡಿ ಬೆಲೆ ಕಟ್ಟುವುದು ಅವರ ವ್ಯಾಪಾರದ ರೂಢಿ. ಎದುರು ಮನೆಗೆ ಹೊಸ ಎಲ್‌ಇಡಿ ಬಂದಾಗ ಅಂಗಡಿಯವನು ಒಬ್ಬನೇ ಅದನ್ನು ಕಂಕುಳಲ್ಲಿ ಹಿಡಿದು ಒಳಗೆ ಒಯ್ದ. ಮಾವ ಕಟ್ಟೆಯ ಮೇಲೆ ಕೂತು ನೋಡಿ, "ಕಂಕಳಾಗ ಬರೂದು ಟೀವಿ ಅಲ್ಲ, ತಗಡು" ಎಂದು ತೀರ್ಪು ಕೊಟ್ಟರು. ಎದುರು ಮನೆಯವರ ಟಿವಿಯಲ್ಲಿ ರಾತ್ರಿಯ ದೃಶ್ಯ ಬಂದರೆ ಬೂದಿ ಎರಚಿದಂತೆ ಕಾಣುತ್ತದೆ, ಕಪ್ಪೆಂದರೆ ನಮ್ಮ ಪ್ಲಾಸ್ಮಾದ್ದೇ ಕಪ್ಪು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಮಾವ ಒಳ್ಳೆಯವರು. ಆದರೆ ಯಾರ ಮಾತನ್ನೂ ಕೊನೆಯವರೆಗೆ ಕೇಳುವ ಅಭ್ಯಾಸ ಅವರಿಗಿರಲಿಲ್ಲ. ತೊಗರಿ ಬಜಾರಿನಲ್ಲಿ ಎದುರಿನವನು ದರ ಹೇಳಿ ಮುಗಿಸುವುದರೊಳಗೆ ಎದ್ದು ನಡೆಯುವುದೇ ಚೌಕಾಸಿಯ ಮೊದಲ ಪಾಠವಂತೆ. ಆ ಪಾಠವನ್ನು ಅವರು ಮನೆಯಲ್ಲೂ ಪಾಲಿಸಿದರು. ಅತ್ತೆ ಸೆರಗು ಸರಿಮಾಡಿಕೊಂಡು "ಅಲ್ರೀ..." ಎಂದು ಶುರು ಮಾಡುವಷ್ಟರಲ್ಲಿ ಅವರು ಅಂಗಳ ದಾಟಿರುತ್ತಿದ್ದರು. ಹೋದ ವರ್ಷ ತೀರಿಕೊಂಡದ್ದೂ ಹಾಗೆಯೇ. ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ, ಯಾರಿಗೂ ಒಂದು ಮಾತು ಮುಗಿಸಲು ಬಿಡಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಫೋಟೋದ ತಾಪತ್ರಯ ಎದ್ದಿತು. ಫೋಟೋ ಕಟ್ಟುವವನು ಯಾವುದೋ ಮದುವೆಗೆ ಹೋಗಿದ್ದ. ಜನ ಬರುತ್ತಿದ್ದಾರೆ, ಹಾರ ಹಾಕಲು ಎದುರಿಗೆ ಏನೂ ಇಲ್ಲ. ಆಗ ನನಗೊಂದು ಬುದ್ಧಿ ಹೊಳೆಯಿತು. ಮೊಬೈಲಿನಲ್ಲಿದ್ದ ಮಾವನ ಚಿತ್ರವನ್ನು ಪೆನ್‌ಡ್ರೈವಿಗೆ ಹಾಕಿ ಟಿವಿಗೆ ಹಚ್ಚಿದೆ. ಬಿಳಿ ರುಮಾಲು, ಕಪ್ಪು ಮೀಸೆ, ಪರದೆಯ ತುಂಬ ಮಾವ. ಬಂದವರೆಲ್ಲ ಕೈಮುಗಿದು, ಎದ್ದು ಬಂದಂತೆಯೇ ಇದ್ದಾರೆಂದು ಕಣ್ಣೊರೆಸಿಕೊಂಡರು. ನನಗೂ ಸ್ವಲ್ಪ ಹೆಮ್ಮೆಯಾಯಿತು. ಸಂಜೆ ಆರಿಸೋಣವೆಂದು ರಿಮೋಟ್ ಎತ್ತಿದಾಗ, ಬೋನಾಳದಿಂದ ಬಂದಿದ್ದ ಮಾವನ ಅಕ್ಕ ಸಂಗಮ್ಮ ನನ್ನ ಕೈ ಹಿಡಿದರು. ಹೋದವರ ಮುಂದೆ ಹಚ್ಚಿದ ದೀಪ ಕೊನೆಯ ದಿನದ ಆರಾಧನೆಯ ತನಕ ಆರಬಾರದೆಂಬುದು ನಮ್ಮಲ್ಲಿಯ ನಡಾವಳಿ.

"ಅತ್ತಿ, ಇದು ದೀಪಲ್ಲ, ಟೀವಿ," ಎಂದೆ.

"ಬೆಳಕು ಬರಾಕತ್ತದ ಇಲ್ಲೋ?"

ಬರುತ್ತಿತ್ತು. ರಿಮೋಟನ್ನು ಕೆಳಗಿಟ್ಟೆ. ಹೀಗೆ ಆರಾಧನೆಯ ತನಕ ಮಾವ ಹಗಲೂ ರಾತ್ರಿ ಬೆಳಗಿದರು. ಎಣ್ಣೆಯ ದೀಪಕ್ಕೆ ಹೆಂಗಸರು ಸರತಿಯ ಮೇಲೆ ಎಣ್ಣೆ ಹಾಕಿದರು, ಈ ದೀಪ ನನ್ನ ಪಾಲಿಗೆ ಬಂತು. ಕರೆಂಟು ಹೋದಾಗಲೆಲ್ಲ ಇನ್ವರ್ಟರಿನ ಕಡೆ ಓಡುವುದು, ಅದೂ ಸುಸ್ತಾದರೆ ಎದುರು ಮನೆಯವರ ಬ್ಯಾಟರಿ ತರುವುದು. ತಗಡಿನ ಟಿವಿಯವರ ಬ್ಯಾಟರಿಯಿಂದ ತಾವು ಬೆಳಗುತ್ತಿರುವುದು ಮಾವನಿಗೆ ಗೊತ್ತಾಗಿದ್ದರೆ ಎದ್ದು ಹೋಗುತ್ತಿದ್ದರೋ ಏನೋ.

ಎಲ್ಲ ಮುಗಿದು ನೆಂಟರು ಹೊರಟ ಮೇಲೆ ವಾರ್ತೆ ನೋಡಲು ಕೂತೆ. ವಾರ್ತೆ ಬಂತು, ಮಾವ ಹೋಗಲಿಲ್ಲ. ಪ್ಲಾಸ್ಮಾ ಪರದೆಯ ಮೇಲೆ ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಅದರ ಅಚ್ಚು ಅಲ್ಲೇ ಕೂತುಬಿಡುತ್ತದೆ. ಇದನ್ನು ಎಂಜಿನಿಯರ್ ಸಾಹೇಬರು ಹೇಳಿದ್ದರು, ನಾನು ತಲೆಯನ್ನೂ ಆಡಿಸಿದ್ದೆ. ಹೆಚ್ಚು ಬೆಳಗಿದ ಭಾಗ ಹೆಚ್ಚು ಸವೆದು ಮಂಕಾಗುವುದರಿಂದ ಎಲ್ಲ ತಿರುವುಮುರುವಾಗಿತ್ತು. ಬಿಳಿಯ ರುಮಾಲು ಕಪ್ಪಾಗಿತ್ತು, ಕಪ್ಪು ಮೀಸೆ ಬೆಳ್ಳಗಾಗಿತ್ತು. ಜೀವಮಾನವಿಡೀ ಬಚ್ಚಲ ಬಾಗಿಲು ಹಾಕಿಕೊಂಡು ಮೀಸೆಗೆ ಬಣ್ಣ ಹಚ್ಚಿದ ಮನುಷ್ಯನ ಗುಟ್ಟನ್ನು ಅವರ ನೆಚ್ಚಿನ ಟಿವಿಯೇ ಬಯಲು ಮಾಡಿತು.

ಅಂದಿನಿಂದ ನಮ್ಮ ಮನೆಯಲ್ಲಿ ವಾರ್ತೆ ಓದುವ ಹುಡುಗಿಗೂ ಬಿಳಿಯ ಮೀಸೆ. ಧಾರಾವಾಹಿಯಲ್ಲಿ ಸೊಸೆಗೆ ವಿಷ ಹಾಕುವ ಅತ್ತೆಯ ಹಿಂದೆ ಮಾವ ಸಾಕ್ಷಿಗೆ ನಿಂತವರಂತೆ ಕಾಣುವರು. ನೆರೆಯ ಹೆಂಗಸರು ಟಿವಿ ನೋಡಲು ಬಂದರೆ ಮೊದಲು ತಲೆಯ ಮೇಲೆ ಸೆರಗು ಹೊದೆಯುವರು. ನನ್ನ ಸಂಕಟ ಕ್ರಿಕೆಟ್ಟಿನದು. ಬನಿಯನ್ನಿನಲ್ಲಿ ಅಡ್ಡಾಗಿ ಪಂದ್ಯ ನೋಡುತ್ತಿದ್ದವನು ಅಂಗಿ ತೊಟ್ಟು ಎದ್ದು ಕೂತು ನೋಡುವಂತಾಯಿತು. ಚೆಂಡು ಸರಿಯಾಗಿ ಬೌಂಡರಿಯ ಕಡೆ ಹೋಗುವಾಗ ರುಮಾಲಿನ ಕತ್ತಲಲ್ಲಿ ಮಾಯವಾಗುತ್ತಿತ್ತು. ಕ್ಯಾಚ್ ಆಯಿತೋ ನಾಲ್ಕಾಯಿತೋ ತಿಳಿಯಲು ಎದುರು ಮನೆಯವರ ಕೂಗನ್ನು ಕೇಳಬೇಕಿತ್ತು.

ಹೊಸ ಟಿವಿ ತರೋಣವೆಂದು ಗಿರಿಜಾಗೆ ಸೂಚ್ಯವಾಗಿ ಹೇಳಿದೆ. ಆಕೆಗೆ ಕೇಳಿಸಲಿಲ್ಲ. ಕೊನೆಗೆ ಯಾದಗಿರಿಯಿಂದ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿದೆ. ಆತ ಪರದೆ ನೋಡಿ, ಇವರು ಯಾರೆಂದು ಕೇಳಿದ. ಪರಿಚಯ ಮಾಡಿಕೊಟ್ಟೆ. ಟಿವಿಗೆ ಕೈಮುಗಿದು ಆಮೇಲೆ ಸ್ಕ್ರೂ ಬಿಚ್ಚಿದ. ಈ ಮಾಡೆಲ್ಲಿನ ಸಾಮಾನು ಈಗ ಎಲ್ಲೂ ಸಿಗುವುದಿಲ್ಲ, ಬೇಕಾದರೆ ಪೂರ್ತಿ ಬಿಳಿಯ ಬೆಳಕನ್ನು ಬಹಳ ಹೊತ್ತು ಓಡಿಸಿದರೆ ಅಚ್ಚು ತುಸು ಮಾಸಬಹುದು ಎಂದ. ಒಳಗಿನಿಂದ ಬಂದ ಗಿರಿಜಾ ರಿಮೋಟನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ನಮ್ಮಪ್ಪನ್ನ ಅಳಸಾಕ ಕರಸೀರೇನು ಇವ್ರನ್ನ?"

ಮೆಕ್ಯಾನಿಕ್ ನನ್ನ ಮುಖ ನೋಡಿದ. ನಾನು ಫ್ಯಾನಿನ ಮುಖ ನೋಡಿದೆ. ಚಹಾ ಕುಡಿದು ಅವನು ಹೋದ ಮೇಲೆ ಗಿರಿಜಾ ತಣ್ಣಗೆ ಹೇಳಿದಳು: ಅವ್ವ ಒಪ್ಪಿದರೆ ಟಿವಿ ತೆಗೆಯಬಹುದು, ಒಪ್ಪದಿದ್ದರೆ ಅದರ ಮಾತೂ ಎತ್ತಕೂಡದು.

ಇದು ಸಣ್ಣ ಪರೀಕ್ಷೆಯಲ್ಲ. ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಅತ್ತೆ ಟಿವಿಯ ಸದ್ದು ಪೂರ್ತಿ ಇಳಿಸಿ ಅದರ ಮುಂದೆ ಒಬ್ಬರೇ ಕೂತು ತುಟಿ ಅಲುಗಿಸುತ್ತಿದ್ದರು. ಜಪವೆಂದು ನಾವೆಲ್ಲ ಮೆಲ್ಲಗೆ ಓಡಾಡುತ್ತಿದ್ದೆವು. ಜಪ ಮಾಡುವವರ ಮುಂದಿನಿಂದ ದೇವರನ್ನೇ ಎತ್ತಿಕೊಂಡು ಹೋಗುವುದು ಹೇಗೆ? ಹೊಸ ಟಿವಿಗೆ ಕರೆಂಟು ಕಡಿಮೆ, ಕಾವು ಇಲ್ಲ, ಮಾವನಿಗೆ ಚಂದದ ಚೌಕಟ್ಟು ಹಾಕಿಸೋಣ ಎಂದೆಲ್ಲ ಮಾತು ಜೋಡಿಸಿಕೊಂಡು ಒಂದು ಮಧ್ಯಾಹ್ನ ಅವರ ಹಿಂದೆ ಹೋಗಿ ನಿಂತೆ. ಆಗ ಜಪ ಕಿವಿಗೆ ಬಿತ್ತು.

"...ನಿಮ್ಮ ತಂಗಿ ನನ್ನ ಕೈಯಾನ ಬಂಗಾರದ ಪಾಟ್ಲಿ ಲಗ್ನಕ್ಕಂತ ಇಸ್ಕೊಂಡಾಕಿ ಹೊಳ್ಳಿ ಕೊಟ್ಟಾಳೇನು? ಕೇಳ್ರಿ ಅಂದ್ರ ಬಜಾರಕ್ಕ ಹೋದ್ರಿ. ಈಗ ಹೇಳ್ರಿ ನೋಡೋಣು."

ಮಾವ ಏನೂ ಹೇಳಲಿಲ್ಲ. ಅತ್ತೆ ಮುಂದಿನ ವಿಷಯಕ್ಕೆ ಹೋದರು. ಮದುವೆಯಾದ ದಿನದಿಂದ ಶುರು ಮಾಡಿ ಕ್ರಮವಾಗಿ ಬರುತ್ತಿದ್ದರು. ಅಷ್ಟು ತಿಂಗಳಾದರೂ ಆ ಕಥೆಯಲ್ಲಿ ಗಿರಿಜಾ ಇನ್ನೂ ಹುಟ್ಟಿರಲಿಲ್ಲ. ನಾನು ಕೆಮ್ಮಿದೆ. ಅವರು ತಿರುಗಿ ನೋಡಿ, ನಾಚಿಕೊಳ್ಳದೆ, ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

"ಗಿರಿಜಾ ಹೇಳ್ಯಾಳ ಎಲ್ಲಾ. ಬ್ಯಾರೆ ಟೀವಿ ತರ್ರಿ, ನಾ ಯಾಕ ಬ್ಯಾಡ ಅನ್ಲಿ. ಇದನ್ನಷ್ಟ ಒಯ್ಯಬ್ಯಾಡ್ರಿ, ಯಪ್ಪಾ. ಬದುಕಿದ್ದಾಗ ನಾ ಬಾಯಿ ತೆಗಿಯೂದ್ರಾಗ ಎದ್ದು ಹೋಗತಿದ್ರು. ಈಗ ಕುಂತು ಕೇಳಾಕತ್ತಾರ. ಇನ್ನಾ ಭಾಳ ಹೇಳೂದದ."

ಜೋಡಿಸಿಕೊಂಡು ಹೋಗಿದ್ದ ಮಾತನ್ನು ಹಾಗೆಯೇ ವಾಪಸು ತಂದೆ. ಟಿವಿಯನ್ನು ಅತ್ತೆಯ ಕೋಣೆಗೆ ಸಾಗಿಸುವುದೆಂದಾಯಿತು. ನಾಲ್ಕು ಜನ ಬೇಕಾಯಿತು. ಅವರಲ್ಲಿ ಇಬ್ಬರು ಮಾವನಿಗೆ ಹೆಗಲು ಕೊಟ್ಟವರೇ. ಈ ಸಲದ್ದೇ ಭಾರ ಎಂದು ಇಬ್ಬರೂ ಒಪ್ಪಿಕೊಂಡರು.

ಪಡಸಾಲೆಗೆ ಹೊಸದನ್ನು ತರಲು ಗಿರಿಜಾ, ನಾನು ಶಹಾಪುರಕ್ಕೆ ಹೋದೆವು. ಅಂಗಡಿಯ ಗೋಡೆಯ ತುಂಬ ಟಿವಿಗಳು, ಎಲ್ಲದರಲ್ಲೂ ಒಂದೇ ಹಾಡು. ಅಂಗಡಿಯವನು ಒಂದೊಂದರ ಗುಣಗಾನ ಮಾಡಿದ. ನಾನು ತಿಳಿದವನಂತೆ ಹ್ಞೂಂಗುಟ್ಟಿದೆ. ಅಲ್ಲಿಯ ತನಕ ಸುಮ್ಮನಿದ್ದ ಗಿರಿಜಾ ಮೆಲ್ಲಗೆ ಕೇಳಿದಳು, "ಇದರಾಗ ಫೋಟೋ ಹಚ್ಚಿಟ್ರ ಅಚ್ಚು ನಿಂದರತದೇನ್ರಿ?"

ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿ ಎಲ್ಲಿಯ ತನಕ ಯೋಚಿಸಿದ್ದಾಳೆ! ನಾನು ಯಾವ ಅಂಗಿಯಲ್ಲಿ ಚೆನ್ನಾಗಿ ಕಾಣುತ್ತೇನೆಂದು ಮನಸ್ಸಿನಲ್ಲೇ ಹುಡುಕತೊಡಗಿದೆ.

ಈ ಎಲ್‌ಇಡಿಯಲ್ಲಿ ಏನು ಮಾಡಿದರೂ ಅಚ್ಚು ನಿಲ್ಲುವುದಿಲ್ಲ, ಅಗೋ ಆ ಮೂಲೆಯ ಭಾರಿ ಬೆಲೆಯದರಲ್ಲಿ ಮಾತ್ರ ನಿಂತರೂ ನಿಲ್ಲಬಹುದು ಎಂದ ಅಂಗಡಿಯವನು. ಬೆಲೆ ಹೆಚ್ಚಾದರೆ ಆಗಲಿ ಎಂದು ನಾನು ಮೂಲೆಯ ಕಡೆ ಹೆಜ್ಜೆ ಇಟ್ಟೆ.

"ಅಚ್ಚು ನಿಂದರಲಾರದ್ದು ಕಟ್ರಿ," ಎಂದಳು ಗಿರಿಜಾ ಅಂಗಡಿಯವನಿಗೆ. ಆಮೇಲೆ ನನ್ನ ಕಡೆ ತಿರುಗಿದಳು. "ನಾ ಅವ್ವನಂಗ ಆಮ್ಯಾಲಿಂದ ಹೇಳ್ಕೋತ ಕುಂದ್ರಾಕಿ ಅಲ್ಲ. ನಿಮಗ ಹೇಳೂದು ಏನದನೋ ಈಗ ಹೇಳತೀನಿ. ಕುಂದರ್ರಿ."

ಅಂಗಡಿಯವನು ಲಗುಬಗೆಯಿಂದ ಒಂದು ಸ್ಟೂಲು ತಂದು ಹಾಕಿದ. ಕೂತೆ. ಗಿರಿಜಾ ಶುರು ಮಾಡಿದಳು. ಅಂಗಡಿಯವನು ಗೋಡೆಯ ಮೇಲಿನ ಟಿವಿಗಳ ಸದ್ದನ್ನು ಒಂದೊಂದಾಗಿ ಇಳಿಸುತ್ತ ಬಂದು, ಅವನೂ ಒಂದು ಸ್ಟೂಲು ಎಳೆದುಕೊಂಡ.