ಗೋಡೆಗೊಂದು ಚರಿತ್ರೆ

ಗಡಿಯಾರ ರಿಪೇರಿಯವನ ಅಂಗಡಿಗೆ ಸ್ವಂತದ್ದೆಂದು ಇದ್ದದ್ದು ಮೂರೇ ಗೋಡೆ. ಎಂದೋ ಯಾರೋ ಕಟ್ಟಿ ಮರೆತಿದ್ದ ಕಲ್ಲುಗೋಡೆಯೇ ನಾಲ್ಕನೆಯದು. ಅಂಗಡಿ ಅದಕ್ಕೆ ಒರಗಿಕೊಂಡಿತ್ತು. ರಸ್ತೆ ಅಗಲ ಮಾಡಲು ನಾಳೆ ಅದನ್ನು ಕೆಡವುತ್ತೇವೆಂದು ಬೆಳಿಗ್ಗೆ ನೋಟಿಸು ಬಂತು. ಗೋಡೆ ಹೋದರೆ ಅಂಗಡಿಯೂ ಹೋದಂತೆಯೇ.

"ಚರಿತ್ರೆ ಇರೋ ಗೋಡೆನ ಯಾರೂ ಮುಟ್ಟಲ್ಲ ಕಣಪ್ಪ. ಒಂದು ಫಲಕ ನೆಡ್ಸು," ಎಂದರು ಎದುರಿಗೆ ಹಿಟ್ಟಿನ ಗಿರಣಿ ನಡೆಸುವ ಅವನ ಅತ್ತಿಗೆ.

ಸ್ಮಾರಕ ಇಲಾಖೆಗೆ ಫೋನು ಮಾಡಿದ. ಅರ್ಧ ಖರ್ಚು ಸರ್ಕಾರದ ಅನುದಾನ, ಉಳಿದರ್ಧ ದಾನಿಗಳಿಂದ. ನಾಲ್ಕು ಗಂಟೆಗೆ ಸಾಹೇಬರು ಬಂದು ನೋಡುತ್ತಾರೆ ಎಂದರು.

"ಆದ್ರೆ ಚರಿತ್ರೆ ಅಂತ ಏನು ಬರೆಸ್ಲಿ?" ಪಾಪ, ಅವನಿಗೆ ತನ್ನ ಮದುವೆಯ ತಾರೀಕೇ ನೆನಪಿರುತ್ತಿರಲಿಲ್ಲ.

ಅತ್ತಿಗೆ ದುಡ್ಡು ಕೊಟ್ಟರು. "ನಮ್ಮಜ್ಜಿ ಇಲ್ಲೇ ಸೈನ್ಯಕ್ಕೆ ಹಿಟ್ಟು ಬೀಸಿಕೊಟ್ಟಳು ಅಂತ ಬರೆಸು."

ಪಕ್ಕದ ಕ್ಷೌರಿಕನೂ ಕೊಟ್ಟ. "ರಾಜ ಇಲ್ಲೇ ನಮ್ಮ ಮುತ್ತಜ್ಜನ ಹತ್ರ ಮೀಸೆ ಕತ್ತರಿಸ್ಕೊಂಡ ಅಂತ ಇರ್ಲಿ ಅಣ್ಣ."

"ಯಾವ ರಾಜ?"

"ಮೀಸೆ ಇದ್ದವನು."

ರಾಜ ಮೀಸೆ ಕತ್ತರಿಸಿಕೊಂಡದ್ದು ಯುದ್ಧಕ್ಕೆ ಹೊರಡುವಾಗಲೋ, ಸೋತು ಬಂದ ಮೇಲೋ? ಸೈನ್ಯ ಹಿಟ್ಟು ತಿಂದದ್ದು ಯಾವಾಗ? ಅವನಿಗೆ ತಲೆಬುಡ ತಿಳಿಯಲಿಲ್ಲ. ಎರಡನ್ನೂ ಬರೆಸಿದ.

ಮೂರೂವರೆಗೆ ಫಲಕ ಬಂತು. ಅದು ಗಿರಣಿಯ ಕಡೆ ಇರಲಿ ಎಂದು ಅತ್ತಿಗೆ ಗೋಡೆಯ ಬುಡದಲ್ಲೊಂದು ಗುಂಡಿ ತೋಡಿಸಿದರು. ತನ್ನ ಅಂಗಡಿಯ ಕಡೆ ಇರಲಿ ಎಂದು ಕ್ಷೌರಿಕ ತಾನೇ ಹಾರೆ ಹಿಡಿದು ಇನ್ನೊಂದು ತೋಡಿದ. ಜಗಳ ಬೇಡವೆಂದು ನಮ್ಮವನು ನಡುವೆ ಮೂರನೆಯದಕ್ಕೆ ಹಾರೆ ಹಾಕಿದ. ಗೋಡೆ ಒಮ್ಮೆ ನಿಟ್ಟುಸಿರು ಬಿಟ್ಟು, ಹೊಟ್ಟೆ ತುಂಬ ಉಂಡ ಮಾವನ ಹಾಗೆ ಮೆಲ್ಲಗೆ ಕುಸಿದು ಕೂತಿತು. ಹಿಂದೆಯೇ ಅಂಗಡಿಯೂ ಕೂತಿತು. ಯಾರಿಗೂ ಪೆಟ್ಟಾಗಲಿಲ್ಲ.

ಧೂಳು ಇಳಿಯುವ ಹೊತ್ತಿಗೆ ಸಾಹೇಬರು ಬಂದರು. ಕಲ್ಲುರಾಶಿ ನೋಡಿ ಅವರ ಮುಖ ಅರಳಿತು.

"ಗೋಡೆ ನಿಂತಿದ್ರೆ ಅರ್ಜಿ ತಿರಸ್ಕಾರ ಮಾಡಬೇಕಿತ್ತು. ಇರೋದು ಕಣ್ಣಿಗೆ ಕಾಣುತ್ತಲ್ರೀ, ಅದಕ್ಯಾಕೆ ಫಲಕ? ನಮ್ಮ ಅನುದಾನ ಏನಿದ್ರೂ ಈಗ ಇಲ್ಲದ್ದಕ್ಕೆ ಮಾತ್ರ. ಮಂಜೂರಾಯ್ತು. ಇನ್ನು ರಸ್ತೆಯವರೂ ಈ ಜಾಗ ಮುಟ್ಟಲ್ಲ."

ಅವನಿಗೆ ಹೋದ ಜೀವ ಬಂತು. "ಹಾಗಾದ್ರೆ ಇದೇ ಕಲ್ಲು ಜೋಡಿಸಿ ಗೋಡೆ ಕಟ್ಕೋತೀನಿ, ಸಾರ್."

"ಕಟ್ಟೋ ಹಾಗಿಲ್ಲ. ಗೋಡೆ ಎದ್ರೆ ಸರ್ಕಾರಿ ಫಲಕ ಸುಳ್ಳಾಗುತ್ತೆ."

ಅವನು ಕಲ್ಲಿನ ಮೇಲೆ ಕುಸಿದು ಕೂತ. ಸಾಹೇಬರಿಗೂ ಕನಿಕರವಾಯಿತು.

"ಬೇಜಾರು ಮಾಡ್ಕೋಬೇಡಿ. ನಿಮ್ಮ ಅಂಗಡಿನೂ ಈಗ ಇಲ್ಲವಲ್ಲ, ಅದಕ್ಕೂ ಒಂದು ಫಲಕ ಹಾಕಿಸ್ಬಹುದು. ಅರ್ಧ ನಾವು ಕೊಡ್ತೀವಿ, ಉಳಿದರ್ಧಕ್ಕೆ ದಾನಿಗಳನ್ನ ನೋಡ್ಕೊಳ್ಳಿ."

ಕ್ಷೌರಿಕ ಆಗಲೇ ಜೇಬಿಗೆ ಕೈ ಹಾಕಿದ್ದ. "ನಾನಿದ್ದೀನಿ ಅಣ್ಣ. ಗಡಿಯಾರದವನು ಸಾಯೋವರೆಗೂ ನನ್ನ ಹತ್ರಾನೇ ಗಡ್ಡ ಮಾಡಿಸ್ಕೋತಿದ್ದ ಅಂತ ಒಂದು ಸಾಲು ಹಾಕಿಸಿಬಿಡು."