ಬೀಗದ ಕೈ ಇಲ್ಲದ ಬಾಗಿಲು

ಗೊಂಚಲಿನಲ್ಲಿ ಒಂದು ಬೀಗದ ಕೈ ಕಡಿಮೆ ಇತ್ತು. ಅಳಿಯನ ಫಜೀತಿ ಶುರುವಾದದ್ದು ಅಲ್ಲಿಂದ.

ಅವನನ್ನು ಎಲ್ಲರೂ ಅಳಿಯ ಎಂದೇ ಕರೆಯುತ್ತಿದ್ದರು. ಅವನ ಮಾವನಿಗೆ ಪೇಟೆಯಲ್ಲಿ ಎರಡು ವ್ಯಾಪಾರ. ಮುಂದಿನ ಕೋಣೆಯಲ್ಲಿ ಮನೆ ಕೊಡಿಸುವ ದಲ್ಲಾಳಿ ಆಫೀಸು, ಹಿಂದಿನ ಕೋಣೆಯಲ್ಲಿ ಹಿಂಡಿ-ಬೂಸಾ ಅಂಗಡಿ. ಮದುವೆಯಾದ ಮೇಲೆ ಅಳಿಯನಿಗೆ ಮುಂದಿನ ಕೋಣೆಯಲ್ಲಿ ಒಂದು ಕುರ್ಚಿ ಸಿಕ್ಕಿತ್ತು. ಆದರೆ ಆ ಕುರ್ಚಿಯಲ್ಲಿ ಕೂತು ಅವನು ಇಲ್ಲಿಯವರೆಗೆ ಒಂದು ದನದ ಕೊಟ್ಟಿಗೆಯನ್ನೂ ಮಾರಿರಲಿಲ್ಲ. ಅವನ ದೋಷ ಒಂದೇ. ಕೇಳಿದ್ದಕ್ಕೆಲ್ಲ ನಿಜ ಹೇಳಿಬಿಡುತ್ತಿದ್ದ. ಸೂರು ಸೋರುತ್ತದೆಯೇ ಎಂದು ಕೇಳಿದರೆ ಸೋರುತ್ತದೆ ಎನ್ನುತ್ತಿದ್ದ. ಅಷ್ಟಕ್ಕೇ ಬಿಡದೆ ಎಲ್ಲೆಲ್ಲಿ ಬಕೆಟ್ ಇಡಬೇಕು ಎಂಬುದನ್ನೂ ತೋರಿಸುತ್ತಿದ್ದ.

ಅವತ್ತು ಬೆಳಿಗ್ಗೆ ಮಾವ ಗೊಂಚಲನ್ನು ಅವನ ಕೈಗಿಟ್ಟು ಹೇಳಿದ್ದ:

“ಹಳ್ಳಿ ಬಂಗಲೆ ನೋಡೋಕೆ ಹಲ್ಲಿನ ಡಾಕ್ಟ್ರು, ಅವರ ಹೆಂಡ್ತಿ ಬರ್ತಾರೆ. ಇದೇ ಕಡೇ ಸಲ. ಇವತ್ತು ಮಾರಿದ್ರೆ ಕುರ್ಚಿ ನಿಂದು. ಇಲ್ಲಾಂದ್ರೆ ನಾಳೆಯಿಂದ ಹಿಂದಿನ ಕೋಣೆ. ಬೂಸಾ ಚೀಲ ಹೊರೋನಿಗೆ ಬಾಯಿ ಬೇಕಾಗಿಲ್ಲ.”

ಬಂಗಲೆಗೆ ನೂರು ವರ್ಷ ದಾಟಿತ್ತು. ಎತ್ತರದ ಕಿಟಕಿಗಳು, ಹಸಿರು ಬಣ್ಣದ ಮರದ ಬಾಗಿಲುಗಳು, ಮುಂದೆ ಕಂಬದ ಜಗಲಿ. ಸುತ್ತ ಗುಲಾಬಿ ತೋಟ, ನೀರು ಚಿಮ್ಮುವುದನ್ನು ಎಂದೋ ಮರೆತ ಕಾರಂಜಿ, ಎಡ ಪಕ್ಕದಲ್ಲಿ ಪಾಚಿಗಟ್ಟಿದ ಕೊಳ. ಮನೆಯ ಒಡತಿ ದೂರದ ಊರಿನಲ್ಲಿದ್ದಳು. ಅವಳು ಈ ಮನೆ ನೋಡಿದ್ದು ತೊಟ್ಟಿಲಲ್ಲಿದ್ದಾಗ ಒಂದು ಸಲ. ಹಳ್ಳಿಯವರಂತೂ ಗೇಟಿನಿಂದ ಒಳಗೆ ಕಾಲಿಟ್ಟವರೇ ಅಲ್ಲ. ತೋಟದ ಮಾಲಿಯೂ ಜಗಲಿಯ ಮೆಟ್ಟಿಲು ಹತ್ತಿರಲಿಲ್ಲ. ಹಾಗಾಗಿ ಗೇಟಿನ ಮೇಲೆ ‘ಮನೆ ಮಾರಾಟಕ್ಕಿದೆ, ಒಳಗೆ ಬಂದು ನೋಡಬಹುದು’ ಎಂಬ ಹಲಗೆ ಬಿದ್ದದ್ದೇ ತಡ, ಕೊಳ್ಳುವವರಿಗಿಂತ ಮೊದಲು ನೋಡುವವರು ಹಾಜರಾದರು.

ಅಳಿಯ ಮುಂಬಾಗಿಲು ತೆರೆಯುವಾಗಲೇ ಊರಿನ ದರ್ಜಿ ಕೊರಳಿಗೆ ಟೇಪು ಹಾಕಿಕೊಂಡು ಬಂದ. ಹಿಂದೆಯೇ ಅಂಚೆ ಹಂಚುವ ಹೆಂಗಸು, ಎಲ್ಲರ ಬಾಯಲ್ಲಿ ಅಂಚೆಯಕ್ಕ, ಚೀಲದ ಸಮೇತ ಬಂದಳು.

“ನೀವು ಕೊಳ್ಳೋರಾ?” ಅಳಿಯ ಕೇಳಿದ.

“ಯಾಕೆ, ನಮ್ಮ ಮುಖ ನೋಡಿದ್ರೆ ಹಾಗನ್ಸಲ್ವಾ?” ಎಂದಳು ಅಂಚೆಯಕ್ಕ. “ನೋಡದೇ ಕೊಳ್ಳೋಕಾಗುತ್ತಾ ಅಳಿಯಂದ್ರೇ? ಮೊದ್ಲು ನೋಡ್ತೀವಿ.”

ನೋಡಿದರು. ಅಡುಗೆಮನೆಯ ಒಲೆಯೊಳಗೆ ತಲೆ ಹಾಕಿ ನೋಡಿದರು. ದರ್ಜಿ ಪರದೆಗಳ ಅಳತೆ ತೆಗೆದು, ಇದರಲ್ಲಿ ಮೂರು ಜನಕ್ಕೆ ಕೋಟು ಹೊಲಿಯಬಹುದಿತ್ತು ಎಂದು ನಿಟ್ಟುಸಿರುಬಿಟ್ಟ. ಮಹಡಿಯ ನಡುಮನೆಗೆ ಬಂದಾಗ ಎದುರುಬದುರು ಎರಡು ಬಾಗಿಲು ಇದ್ದವು. ಬಲಗಡೆಯದು ತೆರೆದರೆ ಒಂದು ಚಿಕ್ಕ ಕೋಣೆ. ಎಡಗಡೆಯದಕ್ಕೆ ಅಳಿಯ ಗೊಂಚಲಿನ ಬೀಗದ ಕೈಗಳನ್ನೆಲ್ಲ ಒಂದೊಂದಾಗಿ ಹಾಕಿದ. ಯಾವುದೂ ತಿರುಗಲಿಲ್ಲ.

“ಇದ್ರೊಳಗೇನಿದೆ?” ದರ್ಜಿ ಕೇಳಿದ.

“ಗೊತ್ತಿಲ್ಲ,” ಎಂದ ಅಳಿಯ. ಎಂದಿನಂತೆ ನಿಜವನ್ನೇ ಹೇಳಿದ.

ಅಂಚೆಯಕ್ಕ ಚೀಲ ಕೆಳಗಿಟ್ಟಳು. ಅವತ್ತಿನ ಅಂಚೆಯ ಕತೆ ಅಲ್ಲಿಗೆ ಮುಗಿಯಿತು.

“ಬೆಳ್ಳಿ ಪಾತ್ರೆ ಇರ್ಬೇಕು,” ಎಂದ ದರ್ಜಿ. “ದೊಡ್ಡವರ ಮನೇಲಿ ಬೆಳ್ಳಿಗೇ ಒಂದು ಕೋಣೆ ಇರುತ್ತೆ.”

“ಬೆಳ್ಳಿಯಂತೆ. ಈ ಮನೆ ಕಟ್ಟಿಸಿದ ಯಜಮಾನನ ಮೊದಲ್ನೇ ಹೆಂಡ್ತಿ ಎಲ್ಲಿ ಹೋದ್ಲು ಅಂತ ಇವತ್ತಿಗೂ ಯಾರಿಗಾದ್ರೂ ಗೊತ್ತಾ?”

“ಅವನಿಗೆ ಮೊದಲ್ನೇ ಹೆಂಡ್ತಿ ಇದ್ಲಾ?”

“ಅದೇ ಯಾರಿಗೂ ಗೊತ್ತಿಲ್ಲ ನೋಡು.”

ಇಬ್ಬರೂ ಬಾಗಿಲಿಗೆ ಕಿವಿ ಹಚ್ಚಿದರು. ಕೆಳಗೆ ಕಾರಿನ ಸದ್ದಾಯಿತು. ಅಳಿಯ ಅವರನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಓಡಿದ.

ಹಲ್ಲಿನ ಡಾಕ್ಟರು ಮನೆಯನ್ನು ರೋಗಿಯ ಬಾಯಿ ನೋಡುವ ಹಾಗೆ ನೋಡಿದರು. ಬೆರಳಿನಿಂದ ಕಿಟಕಿಯ ಚೌಕಟ್ಟು ಕುಟ್ಟಿ, “ಹುಳುಕು” ಎಂದರು. ಗೋಡೆ ಮುಟ್ಟಿ, “ತೇವ” ಎಂದರು. ಅವರ ಹೆಂಡತಿಗೆ ತೋಟ ಹಿಡಿಸಿತ್ತು. ಆದರೆ ಕೊಳದಲ್ಲಿ ಹಾವಿದೆಯೇ ಎಂದು ಆಕೆ ಕೇಳಿದಾಗ ಅಳಿಯ, “ಎರಡಿವೆ” ಎಂದುಬಿಟ್ಟ.

“ನಡಿ, ಹೊರಡೋಣ,” ಎಂದರು ಡಾಕ್ಟರು. “ಬಂದಿದ್ದೀವಲ್ಲ ಅಂತ ಮಹಡಿ ಒಂದು ನೋಡಿ ಹೋಗೋಣ.”

ಅಳಿಯನ ಬೆನ್ನ ಮೇಲೆ ಆಗಲೇ ಬೂಸಾ ಚೀಲ ಕೂತಂತಾಯಿತು. ಬಾಡಿದ ಮುಖ ಹೊತ್ತು ಮೆಟ್ಟಿಲು ಹತ್ತಿದ. ಮೇಲೆ ದರ್ಜಿ ಮತ್ತು ಅಂಚೆಯಕ್ಕ ಎಡಗಡೆಯ ಬಾಗಿಲಿಗೆ ಎರಡು ಹಲ್ಲಿಗಳಂತೆ ಅಂಟಿಕೊಂಡಿದ್ದರು.

“ಶ್,” ಎಂದಳು ಅಂಚೆಯಕ್ಕ, ಡಾಕ್ಟರಿಗೆ.

ಡಾಕ್ಟರು ಪಿಸುಗುಟ್ಟಿದರು: “ಏನಿದೆ ಒಳಗೆ?”

ಅಳಿಯ ಬಾಯಿ ತೆರೆದ. ಗೊತ್ತಿಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಡಾಕ್ಟರ ಕಣ್ಣು ಕಂಡಿತು. ಬಂದಾಗಿನಿಂದ ಸತ್ತ ಮೀನಿನ ಹಾಗಿದ್ದ ಕಣ್ಣಿಗೆ ಜೀವ ಬಂದಿತ್ತು. ಅಳಿಯ ಬದುಕಿನಲ್ಲಿ ಮೊದಲ ಸಲ ಗಿರಾಕಿಗೆ ಸುಳ್ಳು ಹೇಳಿದ.

“ಅದನ್ನ ಹೇಳೋ ಹಾಗಿಲ್ಲ ಸಾರ್. ಮನೆ ಕೊಂಡವರೇ ತೆಗೀಬೇಕು ಅಂತ ಒಡತಿಯ ಮಾತು.”

ಡಾಕ್ಟರ ಹೆಂಡತಿ ಗಂಡನ ತೋಳು ಹಿಡಿದುಕೊಂಡಳು. ಡಾಕ್ಟರು ಬೆಲೆಯನ್ನು ಇನ್ನೊಮ್ಮೆ ಕೇಳಿದರು, ಆದರೆ ಚೌಕಾಸಿ ಮಾಡಲಿಲ್ಲ. ಟೀ ಅಂಗಡಿಯಲ್ಲಿ ಕೂತು ಮಾತಾಡಿಕೊಂಡು ಸಂಜೆಯೊಳಗೆ ಬರುತ್ತೇವೆ, ಬೇರೆಯವರಿಗೆ ತೋರಿಸಬೇಡಿ ಎಂದು ಹೇಳಿ ಹೋದರು. ಹಾವಿನ ಮಾತೇ ಬರಲಿಲ್ಲ.

ಅಳಿಯನಿಗೆ ಹಾರಾಡುವಷ್ಟು ಖುಷಿಯಾಯಿತು. ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಈಗ ಅವನಿಗೂ ಆ ಬಾಗಿಲಿನ ಹುಳ ತಲೆಗೆ ಹೊಕ್ಕಿತ್ತು. ನಿಜವಾಗಿಯೂ ಒಳಗೆ ಏನಾದರೂ ಇದ್ದರೆ? ಕುಳಿತರೂ ಅದೇ, ನಿಂತರೂ ಅದೇ. ಕೊನೆಗೆ ತಡೆಯಲಾರದೆ ತೋಟಕ್ಕಿಳಿದು ಮನೆಯನ್ನು ಸುತ್ತು ಹಾಕಿದ. ಎಡಗಡೆಯ ಗೋಡೆಯಲ್ಲಿ, ಮಹಡಿಯ ಎತ್ತರಕ್ಕೆ, ಹಸಿರು ಬಾಗಿಲು ಮುಚ್ಚಿದ ಒಂದು ಕಿಟಕಿ ಇತ್ತು.

“ಏಣಿ ಇದೆಯಾ?” ಅವನು ಮಾಲಿಯನ್ನು ಕೇಳಿದ.

“ಇದೆ. ನಾನು ಅದನ್ನ ಹತ್ತಲ್ಲ.”

“ಯಾಕೆ?”

“ಹತ್ತಿದ್ರೆ ಗೊತ್ತಾಗುತ್ತೆ.”

ಮಾಲಿ ಏಣಿಯ ಬುಡ ಹಿಡಿದುಕೊಂಡ. ಪಕ್ಕದಲ್ಲಿ ದರ್ಜಿ, ಅವನ ಪಕ್ಕದಲ್ಲಿ ಅಂಚೆಯಕ್ಕ, ಅವಳಿಂದ ಸುದ್ದಿ ತಿಳಿದು ಬಂದ ಹತ್ತಾರು ಜನ. ಅಳಿಯ ಹತ್ತಿ, ಕಿಟಕಿಯ ಬಾಗಿಲುಗಳ ನಡುವೆ ಬೆರಳು ತೂರಿಸಿ ಎಳೆದ. ಕಿರ್ರೆಂದು ಬೆರಳಗಲ ತೆರೆಯಿತು. ಕಣ್ಣಿಟ್ಟು ನೋಡಿದ.

ಇಟ್ಟಿಗೆ ಗೋಡೆ.

ಅವನಿಗೆ ಎಲ್ಲವೂ ಒಟ್ಟಿಗೇ ಹೊಳೆಯಿತು. ಮನೆ ಮುಗಿಯುವುದೇ ಇಲ್ಲಿ. ಈ ಇಟ್ಟಿಗೆಯ ಆಚೆ ಮುಖದಲ್ಲೇ ಆ ಬಾಗಿಲಿದೆ. ಮನೆ ಕಟ್ಟಿಸಿದವನಿಗೆ ಎಲ್ಲವೂ ಜೋಡಿಯಾಗಿ ಕಾಣಬೇಕಿತ್ತು. ಬಲಕ್ಕೊಂದು ಬಾಗಿಲಿದೆ ಎಂದು ಎಡಕ್ಕೂ ಒಂದು ಬಾಗಿಲು, ಆ ಪಕ್ಕದಲ್ಲಿ ಕಿಟಕಿಯಿದೆ ಎಂದು ಈ ಪಕ್ಕದಲ್ಲೂ ಒಂದು ಕಿಟಕಿ, ಬರೀ ಗೋಡೆಗೆ ಹಚ್ಚಿ ನಿಲ್ಲಿಸಿದ್ದ. ಕೋಣೆ ಇರಲೇ ಇಲ್ಲ. ಬೀಗದ ಕೈ ಎಲ್ಲಿಂದ ಬರಬೇಕು?

ಇಷ್ಟು ಹೊಳೆಯುವುದಕ್ಕೂ ಏಣಿಯ ಮೆಟ್ಟಿಲು ಮುರಿಯುವುದಕ್ಕೂ ಸರಿಹೋಯಿತು. ಅಳಿಯ ಕೆಳಗಿನ ಗುಲಾಬಿ ಪೊದೆಯ ಮೇಲೆ ಕೂತ. ಜೇಬಿನಿಂದ ಹಾರಿದ ಫೋನು ಕೊಳಕ್ಕೆ ಬಿದ್ದು, ಪಾಚಿಯ ಮೇಲೆ ಒಂದು ಗಳಿಗೆ ಯೋಚಿಸಿ, ಮುಳುಗಿತು.

“ಏನ್ ಕಂಡ್ರಿ?” ಎಲ್ಲರೂ ಒಟ್ಟಿಗೆ ಕೇಳಿದರು. ಮುಳ್ಳು ಎಲ್ಲಿ ಚುಚ್ಚಿತು ಎಂದು ಯಾರೂ ಕೇಳಲಿಲ್ಲ.

“ಏನೂ ಇಲ್ಲ,” ಎಂದ ಅಳಿಯ. ಮುಖ ಸುಣ್ಣದ ಹಾಗಿತ್ತು.

“ಏನೂ ಇಲ್ದೇ ಇದ್ರೆ ಬೀಳೋದ್ಯಾಕೆ?” ದರ್ಜಿ ಕೇಳಿದ.

“ಪಾಪ, ಹೇಳೋಕಾಗ್ತಿಲ್ಲ ಅವರಿಗೆ,” ಎಂದಳು ಅಂಚೆಯಕ್ಕ. “ನೋಡಬಾರದ್ದು ನೋಡಿದ್ದಾರೆ.”

ಅವಳು ಚೀಲ ಹೆಗಲಿಗೇರಿಸಿ ಹೊರಟಳು. ಅವತ್ತು ಅವಳು ಮನೆಮನೆಗೂ ಹೋದಳು, ಕಾಗದ ಇಲ್ಲದ ಮನೆಗೂ.

ಅಳಿಯ ಜಗಲಿಯಲ್ಲಿ ನಿಂತೇ ಯೋಚಿಸಿದ, ಏಕೆಂದರೆ ಕೂರುವ ಸ್ಥಿತಿಯಲ್ಲಿರಲಿಲ್ಲ. ನಿಜ ಹೇಳಿಬಿಡಲೇ? ಹೇಳಿದರೆ ಡಾಕ್ಟರ ಕಾರು ಹಿಂದಕ್ಕೆ ತಿರುಗುತ್ತದೆ, ತಾನು ಹಿಂದಿನ ಕೋಣೆಗೆ. ಹೇಳದಿದ್ದರೆ ಕುರ್ಚಿ. ತಾನು ಮಾರುವುದು ಮನೆಯನ್ನು, ಗೋಡೆ ಮನೆಯಲ್ಲೇ ಸೇರಿದೆ, ಇದರಲ್ಲಿ ಮೋಸವೇನು ಎಂದು ತನಗೆ ತಾನೇ ಹೇಳಿಕೊಂಡ. ಮೂರನೇ ಸಲ ಹೇಳಿಕೊಳ್ಳುವಾಗ ನಂಬಿಕೆಯೂ ಬಂತು.

ಸಂಜೆ ಡಾಕ್ಟರ ಕಾರು ಬಂತು. ಗೇಟಿನಿಂದ ಜಗಲಿಯವರೆಗೆ ಊರೇ ನೆರೆದಿತ್ತು. ಡಾಕ್ಟರು ಇಳಿದವರೇ, “ಮನೆ ನಮಗೇ ಇರಲಿ,” ಎಂದು ಕೈ ಚಾಚಿದರು. ಅಳಿಯ ಕೈ ಮುಂದೆ ಮಾಡಿದ. ಎರಡು ಕೈಗಳ ನಡುವೆ ಗೇಣು ಅಂತರ ಉಳಿದಿತ್ತು.

“ಕೈ ಕೆಳಗಿಳಿಸೋ,” ಎಂಬ ಮಾತು ಕೇಳಿಸಿತು.

ಬಾಡಿಗೆ ಟೆಂಪೋದಿಂದ ಮಾವ ಇಳಿಯುತ್ತಿದ್ದ. ಒಂದು ಕೈಯಲ್ಲಿ ಹಾರೆ, ಬಗಲಲ್ಲಿ ಖಾಲಿ ಬೂಸಾ ಚೀಲಗಳ ಕಟ್ಟು.

“ಮನೆ ಮಾರಾಟ ಆಯ್ತು ಡಾಕ್ಟ್ರೇ. ನಾನೇ ತಗೊಂಡೆ.”

“ಮಾವ, ನೀವಾ?” ಅಳಿಯ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

“ಮಧ್ಯಾಹ್ನ ಡಾಕ್ಟ್ರು ಫೋನ್ ಮಾಡಿದ್ರು. ಬೇರೆಯವರಿಗೆ ತೋರಿಸ್ಬೇಡಿ, ಕೇಳಿದ ಬೆಲೆ ಕೊಡ್ತೀವಿ ಅಂದ್ರು. ಇಷ್ಟು ವರ್ಷದ ದಲ್ಲಾಳಿ ನಾನು. ಚೌಕಾಸಿ ಮಾಡದ ಗಿರಾಕೀನ ಇವತ್ತೇ ನೋಡಿದ್ದು. ಏನೋ ಇದೆ ಅಂದ್ಕೊಂಡೆ. ಅಂಚೆಯಕ್ಕಂಗೆ ಫೋನ್ ಮಾಡಿ ವಿಚಾರಿಸ್ದೆ, ನೀನು ಏಣಿ ಹತ್ತಿ ಬೀಗದ ಕೋಣೇಲಿ ನೋಡಬಾರದ್ದು ನೋಡಿದೀಯ ಅಂದ್ಲು. ನಿನಗೂ ಮಾಡ್ದೆ, ಎತ್ತಲಿಲ್ಲ. ಒಡತಿ ಹತ್ರ ಮಾತು ಮುಗಿಸಿ ಮುಂಗಡ ಕಳಿಸ್ಬಿಟ್ಟೆ. ದುಡ್ಡು ಹೊಂದಿಸೋಕೆ ಅಂಗಡಿ, ಆಫೀಸು ಎರಡನ್ನೂ ಪಕ್ಕದ ಎಣ್ಣೆ ವ್ಯಾಪಾರಿಗೆ ಬರ್ಕೊಟ್ಟೆ.”

“ಕುರ್ಚಿ?”

“ಕುರ್ಚಿ ಸಮೇತ.”

ಅಳಿಯ ಮಾವನ ಕೈ ಹಿಡಿದುಕೊಂಡ. “ಮಾವ, ಡಾಕ್ಟ್ರು ಇಲ್ಲೇ ಇದ್ದಾರೆ. ಹೆಚ್ಚಿಗೆ ಕೇಳಿದ್ರೂ ಕೊಡ್ತಾರೆ. ಈಗ್ಲೇ ಅವರಿಗೆ ಕೊಟ್ಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ.”

ಮಾವನ ಕಣ್ಣು ಕಿರಿದಾಯಿತು. “ಹೊರಗಿನವರಿಗೆ ಕೊಡೋಕೆ ನಿನಗ್ಯಾಕೆ ಇಷ್ಟು ಆತುರ? ಏಣಿ ಹತ್ತಿ ಏನ್ ನೋಡ್ದೆ? ಡಾಕ್ಟ್ರ ಹತ್ರ ನಿನಗೇನಾದ್ರೂ ಪಾಲು ಇದೆಯಾ?”

ಊರೇ ಒಂದು ಹೆಜ್ಜೆ ಹತ್ತಿರ ಬಂತು. ಅಳಿಯನಿಗೆ ಬೇರೆ ದಾರಿ ಇರಲಿಲ್ಲ. ತನ್ನ ಹಳೆಯ ಗುಣಕ್ಕೇ ಮರಳಿದ.

“ಅಲ್ಲಿ ಕೋಣೇನೇ ಇಲ್ಲ ಮಾವ. ಬಾಗಿಲ ಹಿಂದೆ ಬರೀ ಗೋಡೆ ಇದೆ.”

ಮೊದಲು ದರ್ಜಿ ಕಿಸಕ್ಕೆಂದ. ಅಂಚೆಯಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಡಾಕ್ಟರು ಕೂಡ ನಕ್ಕರು. ಮಾವ ಮಾತ್ರ ನಗಲಿಲ್ಲ. ಅಳಿಯನ ಹೆಗಲ ಮೇಲೆ ಕೈಯಿಟ್ಟ. ಮದುವೆಯ ದಿನವೂ ಅವನು ಹಾಗೆ ಕೈಯಿಟ್ಟಿರಲಿಲ್ಲ.

“ಎಲ್ಲರ ಮುಂದೆ, ಕಣ್ಣು ಮಿಟುಕಿಸದೆ ಎಂಥಾ ಸುಳ್ಳು ಹೇಳ್ದೆ,” ಎಂದ ಮಾವ ತುಂಬಿದ ದನಿಯಲ್ಲಿ. “ಇವತ್ತು ನೀನು ದಲ್ಲಾಳಿ ಆದೆ ಕಣೋ. ತಗೋ ಹಾರೆ. ಮೊದಲ ಏಟು ನಿಂದೇ.”

ಊರೆಲ್ಲ ಮಹಡಿ ಹತ್ತಿತು. ಅಳಿಯ ಹಾರೆ ಎತ್ತಿದ. ಬಾಗಿಲು ಒಂದೇ ಏಟಿಗೆ ಕಳಚಿ ಬಿತ್ತು. ಧೂಳು ಇಳಿದ ಮೇಲೆ ಎಲ್ಲರೂ ಗೋಡೆಯನ್ನು ನೋಡಿದರು. ಗೋಡೆ ಎಲ್ಲರನ್ನೂ ನೋಡಿತು.

ಡಾಕ್ಟರು ಮುಂದೆ ಬಂದು ಇಟ್ಟಿಗೆಯನ್ನು ಬೆರಳಿನಿಂದ ಕುಟ್ಟಿದರು. “ಇದು ಕಟ್ಟಿಸಿದ ಹಲ್ಲು,” ಎಂದರು. “ಅಂದಕ್ಕೆ ಮಾತ್ರ.” ಹೆಂಡತಿಯ ಕೈ ಹಿಡಿದುಕೊಂಡು, ಬಹಳ ಹಗುರವಾಗಿ ಮೆಟ್ಟಿಲಿಳಿದು ಹೋದರು.

ಅಳಿಯ ಮೆಲ್ಲನೆ ಮಾವನ ಮುಖ ನೋಡಿದ. ಬೈಗುಳಕ್ಕೆ ತಯಾರಾಗಿದ್ದ. ಆದರೆ ಮಾವ ಗೋಡೆಯ ಹತ್ತಿರ ಹೋಗಿ ಅದಕ್ಕೆ ಕಿವಿ ಹಚ್ಚಿದ್ದ. ಒಂದು ಪಕ್ಕದಲ್ಲಿ ದರ್ಜಿ, ಇನ್ನೊಂದು ಪಕ್ಕದಲ್ಲಿ ಅಂಚೆಯಕ್ಕ.

“ಸುಮ್ಮನೆ ಯಾರಾದ್ರೂ ಬಾಗಿಲ ಹಿಂದೆ ಗೋಡೆ ಕಟ್ತಾರಾ?” ಮಾವ ಪಿಸುಗುಟ್ಟಿದ. “ಇದ್ರ ಹಿಂದೆ ಏನೋ ಇದೆ.”

ಹಿಂದೆ ಏನಿದೆ ಎಂದು ಅಳಿಯನಿಗೆ ಗೊತ್ತಿತ್ತು. ಒಂದು ಕಿಟಕಿ, ಒಂದು ಮುರಿದ ಏಣಿ, ಒಂದು ಗುಲಾಬಿ ಪೊದೆ. ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿದ.

“ನಿಂತ್ಕೊಂಡು ನೋಡ್ತೀಯೇನೋ? ಹೊಡಿ,” ಎಂದು ಮಾವ ಖಾಲಿ ಚೀಲಗಳನ್ನು ಅವನ ಕಾಲ ಬಳಿ ಹಾಸಿದ. “ಇಟ್ಟಿಗೆ ಬಿದ್ದ ಹಾಗೆ ಇದ್ರಲ್ಲಿ ತುಂಬಿ ಕೆಳಗೆ ಹೊತ್ತು ಹಾಕು.”

ಕತ್ತಲಾಗುವ ಹೊತ್ತಿಗೆ ಅಳಿಯ ಮೊದಲ ಚೀಲವನ್ನು ಬೆನ್ನಿಗೇರಿಸಿಕೊಂಡು ಮೆಟ್ಟಿಲಿಳಿದ. ಬೂಸಾ ಇದಕ್ಕಿಂತ ಹಗುರವಾಗಿರುತ್ತಿತ್ತು.